ಅಚ್ಚಿನಿಂದ ಇಳಿಸುವ ಸಲಾಡ್: ಅಮೆರಿಕದ ಹಳೆಯ ಜಿಲೆಟಿನ್ ಖಾದ್ಯವನ್ನು ಕೂಟಕ್ಕೆ ಮಾಡುವ ಬಗೆ

ಅಮೆರಿಕದ 1950ರ ದಶಕದ ಅಡುಗೆ ಪುಸ್ತಕಗಳ ಬಣ್ಣದ ಪುಟಗಳನ್ನು ತಿರುವಿದವರಿಗೆ ಈ ಖಾದ್ಯ ಕಣ್ಣಿಗೆ ಬಿದ್ದೇ ಇರುತ್ತದೆ. ಹರಿವಾಣದ ನಡುವೆ ಬಳೆಯಾಕಾರದ ಹಸಿರು ಅಥವಾ ಹಳದಿ ಗಟ್ಟಿ, ಅದರೊಳಗೆ ತೇಲುತ್ತ ನಿಂತ ಕ್ಯಾರೆಟ್ ತುರಿ, ಆಲಿವ್ ಕಾಯಿ, ಒಮ್ಮೊಮ್ಮೆ ಇಡೀ ಸೀಗಡಿ. ಈಗಿನವರು ಆ ಚಿತ್ರಗಳನ್ನು ನೋಡಿ ನಗುತ್ತಾರೆ. ಕೆಲವಕ್ಕೆ ನಗುವುದು ನ್ಯಾಯವೇ: ನಿಂಬೆಯ ಸಿಹಿ ಜೆಲ್ಲಿಯಲ್ಲಿ ಡಬ್ಬಿಯ ಮೀನನ್ನು ಹುದುಗಿಸಿ ಮೇಲೆ ಮೇಯೊನೀಸ್ ಬಳಿಯುವ ವಿಧಾನವನ್ನು ನಾನು ಇಲ್ಲಿ ಹೇಳಿಕೊಡುವುದಿಲ್ಲ. ಆದರೆ ಸಕ್ಕರೆಯ ಹೊರೆ ಬೀಳುವುದಕ್ಕೆ ಮುಂಚಿನ ಒಂದು ಬಗೆಯಿದೆ. ಹುಳಿ, ಉಪ್ಪು, ತುಸು ಸಿಹಿ, ಕಟುಮ್ ಎನ್ನುವ ತರಕಾರಿ. ದ್ರವವನ್ನು ಹೆಪ್ಪುಗಟ್ಟಿಸುವ ಜಿಲೆಟಿನ್ ಒಂದನ್ನು ತೆಗೆದುಬಿಟ್ಟರೆ ಅದು ನಮ್ಮ ಕೋಸಂಬರಿಯ ದೂರದ ನೆಂಟನೇ. ಕೂಟಕ್ಕೆ ಮಾಡುವುದಿದ್ದರೆ ಅದನ್ನೇ ಮಾಡಿ ಎನ್ನುವುದು ನನ್ನ ಸಲಹೆ.

ಅದರ ಹೆಸರು ಪರ್ಫೆಕ್ಷನ್ ಸಲಾಡ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನಾಕ್ಸ್ ಜಿಲೆಟಿನ್ ಕಂಪನಿ ನಡೆಸಿದ ಅಡುಗೆ ಸ್ಪರ್ಧೆಗೆ ಪೆನ್ಸಿಲ್ವೇನಿಯಾದ ನ್ಯೂ ಕ್ಯಾಸಲ್ ಊರಿನ ಗೃಹಿಣಿಯೊಬ್ಬರು, ಶ್ರೀಮತಿ ಜಾನ್ ಕುಕ್, ಇದನ್ನು ಕಳುಹಿಸಿ ಮೂರನೆಯ ಬಹುಮಾನವಾಗಿ ಹೊಲಿಗೆ ಯಂತ್ರ ಗೆದ್ದರು. ಮೊದಲೆರಡು ಬಹುಮಾನ ಪಡೆದ ಖಾದ್ಯಗಳನ್ನು ಈಗ ಯಾರೂ ನೆನೆಯುವುದಿಲ್ಲ. ಮೂರನೆಯದು ಮಾತ್ರ ದಶಕಗಟ್ಟಲೆ ಅಮೆರಿಕದ ಊಟದ ಮೇಜಿನ ಮೇಲೆ ಉಳಿಯಿತು.

ಅದಕ್ಕೂ ಮೊದಲು ಜೆಲ್ಲಿ ಎಂದರೆ ಕರುವಿನ ಕಾಲನ್ನು ಗಂಟೆಗಟ್ಟಲೆ ಕುದಿಸಿ, ಜಿಡ್ಡು ತೆಗೆದು, ಸೋಸಿ ಮಾಡುವ ಸಿರಿವಂತರ ಮನೆಯ ಕೆಲಸ. ಪುಡಿಯ ಜಿಲೆಟಿನ್ ಬಂದ ಮೇಲೆ ಆ ಶ್ರಮ ತಪ್ಪಿತು. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆರಾಯ್ ಎಂಬ ಊರಿನಲ್ಲಿ ಪರ್ಲ್ ವೇಟ್ ಅದಕ್ಕೆ ಸಕ್ಕರೆ, ಹಣ್ಣಿನ ರುಚಿ, ಬಣ್ಣ ಸೇರಿಸಿದರು. ಅವರ ಹೆಂಡತಿ ಮೇ ಅದಕ್ಕೆ ಜೆಲ್-ಓ ಎಂದು ಹೆಸರಿಟ್ಟರು. ಮಾರಾಟ ಕುದುರದೆ ಎರಡೇ ವರ್ಷಕ್ಕೆ, 450 ಡಾಲರಿಗೆ, ಅದೇ ಊರಿನ ಆರೇಟರ್ ಫ್ರಾಂಕ್ ವುಡ್‌ವರ್ಡ್ ಅವರಿಗೆ ಕೊಟ್ಟುಬಿಟ್ಟರು. ಮುಂದೆ ವಿದ್ಯುತ್ ಫ್ರಿಜ್ ಮನೆ ಹೊಕ್ಕಾಗ ಅಚ್ಚಿನಿಂದ ಇಳಿದ ಜೆಲ್ಲಿಯನ್ನು ಅತಿಥಿಗಳ ಮುಂದಿಡುವುದೆಂದರೆ ‘ನಮ್ಮ ಮನೆಯಲ್ಲಿ ಫ್ರಿಜ್ ಇದೆ’ ಎಂದು ಬಾಯಿಬಿಡದೆ ಹೇಳಿದಂತೆಯೂ ಆಗುತ್ತಿತ್ತು. 1960ರ ದಶಕದಲ್ಲಂತೂ ಜೆಲ್-ಓ ಸೆಲರಿ (ಗರಿಗರಿಯಾದ ದಂಟಿನ ತರಕಾರಿ), ಟೊಮೆಟೊ ರುಚಿಗಳಲ್ಲೂ ಬಂತು. ಇಂದಿಗೂ ಮಧ್ಯಪಶ್ಚಿಮದ ಚರ್ಚುಗಳ ಸಹಭೋಜನಗಳಲ್ಲಿ ಇದು ಸಿಹಿತಿಂಡಿಯ ಸಾಲಿನಲ್ಲಲ್ಲ, ಊಟದ ತಟ್ಟೆಯಲ್ಲೇ ಬೀಳುತ್ತದೆ. ಯೂಟಾ ರಾಜ್ಯ 2001ರಲ್ಲಿ ಜೆಲ್-ಓವನ್ನು ತನ್ನ ಅಧಿಕೃತ ತಿನಿಸೆಂದೇ ಘೋಷಿಸಿಕೊಂಡಿತು.

ಒಂದು ಮಾತನ್ನು ಮೊದಲೇ ಹೇಳಬೇಕು. ಜಿಲೆಟಿನ್ ತಯಾರಾಗುವುದು ಹಂದಿ ಮತ್ತು ದನದ ಚರ್ಮ, ಮೂಳೆಗಳಿಂದ. ಇದು ಸಸ್ಯಾಹಾರವಲ್ಲ. ಅಮೆರಿಕದ ಕಚೇರಿಯ ಸಹಭೋಜನದಲ್ಲಿ ಬಣ್ಣದ ಜೆಲ್ಲಿಯನ್ನು ಹಣ್ಣಿನ ತಿನಿಸೆಂದು ತಿಂದು, ಮನೆಗೆ ಬಂದು ವಿಷಯ ತಿಳಿದು ಮುಖ ಸಣ್ಣದು ಮಾಡಿಕೊಂಡ ಕನ್ನಡಿಗರು ಕಡಿಮೆಯೇನಿಲ್ಲ. ನಿಮ್ಮ ಕೂಟದಲ್ಲಿ ಸಸ್ಯಾಹಾರಿಗಳಿದ್ದರೆ ಜಿಲೆಟಿನ್ ಬದಲು ಚೈನಾ ಗ್ರಾಸ್, ಅಂದರೆ ಅಗರ್ ಅಗರ್, ಬಳಸಿ. ಅದರ ವಿಧಾನ ಬೇರೆ. ಮುಂದೆ ಬಿಡಿಸಿ ಹೇಳಿದ್ದೇನೆ. ಯಾವುದನ್ನೇ ಮಾಡಿದರೂ ಹರಿವಾಣದ ಪಕ್ಕ ಒಂದು ಚೀಟಿಯಲ್ಲಿ ಏನು ಹಾಕಿದ್ದೀರಿ ಎಂದು ಬರೆದಿಡಿ.

ಅಚ್ಚು ಮತ್ತು ಸಾಮಾನು

ಬಳೆಯಾಕಾರದ ಅಚ್ಚು ಕೇವಲ ಅಂದಕ್ಕಲ್ಲ. ನಡುವಿನ ತೂತಿನಿಂದಾಗಿ ತಂಪು ಒಳಗಿನಿಂದಲೂ ತಾಗುತ್ತದೆ, ಬೇಗ ಹೆಪ್ಪುಗಟ್ಟುತ್ತದೆ, ಕತ್ತರಿಸುವಾಗ ಒಂದೇ ಅಳತೆಯ ಹೋಳುಗಳು ಬರುತ್ತವೆ. ಕೇಕಿನ ಬಂಟ್ ಪ್ಯಾನ್ ಆಗುತ್ತದೆ, ಆದರೆ ದೊಡ್ಡ ಪ್ಯಾನಿಗೆ ಹತ್ತು ಹನ್ನೆರಡು ಕಪ್ ಹಿಡಿಸುವುದರಿಂದ ಇಲ್ಲಿನ ಅಳತೆಗೆ ಅರ್ಧವೂ ತುಂಬುವುದಿಲ್ಲ. ನಮಗೆ ಬೇಕಾದ್ದು ಆರು ಕಪ್ಪಿನದು. ಮೊದಲು ಅಚ್ಚಿಗೆ ಅಳೆದು ಅಳೆದು ನೀರು ಹೊಯ್ದು ನೋಡಿ. ಅಚ್ಚು ಇಲ್ಲವೆಂದರೆ ಸ್ಟೀಲಿನ ಬೋಗುಣಿ, ಅದಕ್ಕಿಂತ ಸುಲಭವೆಂದರೆ ಒಬ್ಬೊಬ್ಬರಿಗೆ ಒಂದೊಂದರಂತೆ ಪಾಯಸದ ಬಟ್ಟಲು. ಬಟ್ಟಲಿನಲ್ಲಿ ಮಾಡಿದರೆ ಇಳಿಸುವಾಗ ಎದೆ ಡವಗುಟ್ಟುವುದಿಲ್ಲ. ಬರಿಯ ಅಲ್ಯೂಮಿನಿಯಂ ಅಥವಾ ಕಲಾಯಿ ಹೋದ ತಾಮ್ರದ ಅಚ್ಚು ಬೇಡ. ವಿನಿಗರ್ ಮತ್ತು ನಿಂಬೆರಸ ಲೋಹವನ್ನು ತಿನ್ನುತ್ತವೆ.

ಹತ್ತು ಜನರಿಗೆ ಬೇಕಾದ್ದು, 240 ಮಿಲಿಲೀಟರಿನ ಕಪ್ಪಿನ ಲೆಕ್ಕದಲ್ಲಿ, ಇಷ್ಟು: ರುಚಿ ಬಣ್ಣ ಯಾವುದೂ ಇಲ್ಲದ ಜಿಲೆಟಿನ್ ಪುಡಿ 21 ಗ್ರಾಂ (ಅಮೆರಿಕದಲ್ಲಿ ಸಿಗುವ 7 ಗ್ರಾಂ ಪೊಟ್ಟಣ ಮೂರು), ತಣ್ಣೀರು ಮುಕ್ಕಾಲು ಕಪ್, ಕುದಿಯುವ ನೀರು ಎರಡು ಕಪ್, ಬಿಳಿ ಅಥವಾ ಸೇಬಿನ ವಿನಿಗರ್ ಅರ್ಧ ಕಪ್, ನಿಂಬೆರಸ ಕಾಲು ಕಪ್, ಸಕ್ಕರೆ 100 ಗ್ರಾಂ, ಉಪ್ಪು ಒಂದು ಟೀ ಚಮಚ. ತರಕಾರಿಯಲ್ಲಿ ಎಲೆಕೋಸು ಎರಡು ಕಪ್, ಸೆಲರಿ ಒಂದು ಕಪ್, ಕೆಂಪು ದೊಣ್ಣೆಮೆಣಸಿನಕಾಯಿ ಅರ್ಧ ಕಪ್. ಸೆಲರಿ ಸಿಗದಿದ್ದರೆ ಎಳೆಯ ನವಿಲುಕೋಸು ಹಾಕಿ, ಅದರ ಗರಿಗರಿ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಸೌತೆಕಾಯಿ, ಟೊಮೆಟೊ ಬೇಡ. ರಾತ್ರಿಯೆಲ್ಲ ನೀರು ಬಿಟ್ಟುಕೊಂಡು ಸುತ್ತಲಿನ ಜಿಲೆಟಿನ್ ಸಡಿಲವಾಗುತ್ತದೆ.

ಪೊಟ್ಟಣದ ಲೆಕ್ಕದ ಪ್ರಕಾರ 7 ಗ್ರಾಂ ಜಿಲೆಟಿನ್ ಎರಡು ಕಪ್ ದ್ರವವನ್ನು ಹಿಡಿದಿಡುತ್ತದೆ. ಮೂರೂವರೆ ಕಪ್ಪಿಗೆ 21 ಗ್ರಾಂ ಎಂದರೆ ಹೆಚ್ಚಾಯಿತಲ್ಲ ಎನ್ನಿಸಬಹುದು. ಹುಳಿ ಜಿಲೆಟಿನ್ನಿನ ಬಿಗಿಯನ್ನು ಕುಗ್ಗಿಸುತ್ತದೆ, ತರಕಾರಿ ಅದರ ನೇಯ್ಗೆಯನ್ನು ಅಲ್ಲಲ್ಲಿ ಕಡಿಯುತ್ತದೆ, ಬಟ್ಟಲಿನಲ್ಲಿ ಚಮಚ ಹಾಕಿ ತಿನ್ನುವುದಕ್ಕೂ ಹರಿವಾಣದ ಮೇಲೆ ಎರಡು ಗಂಟೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಬಟ್ಟಲುಗಳಲ್ಲೇ ಕೊಡುವುದಾದರೆ 14 ಗ್ರಾಂ ಸಾಕು, ಬಾಯಲ್ಲಿ ಇನ್ನೂ ಮೃದುವಾಗಿರುತ್ತದೆ.

ಹಿಂದಿನ ದಿನದ ಕೆಲಸ

ಕೂಟ ನಾಳೆ ಮಧ್ಯಾಹ್ನವೆಂದರೆ ಇಂದು ಸಂಜೆಯೇ ಕೆಲಸ ಮುಗಿಸಿ. ನಾಲ್ಕು ಗಂಟೆಯಲ್ಲಿ ಹೆಪ್ಪುಗಟ್ಟಿದಂತೆ ಕಂಡರೂ ಆರು ಕಪ್ಪಿನ ಅಚ್ಚಿನ ನಡುಭಾಗ ಗಟ್ಟಿಯಾಗಲು ಒಂದು ರಾತ್ರಿ ಬೇಕು.

ಅಚ್ಚಿನ ಒಳಗೆ ವಾಸನೆಯಿಲ್ಲದ ಎಣ್ಣೆಯನ್ನು ಬೆರಳಿನಿಂದ ತೆಳ್ಳಗೆ ಸವರಿ, ಮೂಲೆಗಳನ್ನು ಬಿಡದೆ. ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ. ಎಣ್ಣೆ ನಿಂತರೆ ಮೇಲ್ಮೈ ಮಸುಕಾಗುತ್ತದೆ. ಕಡಲೆಕಾಯಿ ಎಣ್ಣೆಯ ಪರಿಮಳ ಇಲ್ಲಿ ಹೊಂದುವುದಿಲ್ಲ, ಸೂರ್ಯಕಾಂತಿ ಎಣ್ಣೆ ಇರಲಿ.

ಎಲೆಕೋಸನ್ನು ಆದಷ್ಟು ಸಣ್ಣಗೆ ಹೆಚ್ಚಿ, ಆಮೇಲೆ ಆ ಎಳೆಗಳನ್ನು ಅಡ್ಡಲಾಗಿ ಇನ್ನೊಮ್ಮೆ ಕತ್ತರಿಸಿ. ಪಲ್ಯಕ್ಕೆ ಹೆಚ್ಚುವ ಉದ್ದನೆಯ ಎಳೆ ಇಲ್ಲಿ ಕೆಲಸ ಕೆಡಿಸುತ್ತದೆ: ಬಡಿಸುವಾಗ ಚಾಕುವಿಗೆ ಸಿಕ್ಕಿಕೊಂಡು ಪಕ್ಕದ ಹೋಳನ್ನೂ ಎಳೆದುಕೊಂಡು ಬರುತ್ತದೆ. ಕಿರುಬೆರಳ ಉಗುರಿಗಿಂತ ಉದ್ದ ಬೇಡ. ಹೆಚ್ಚಿದ್ದೆಲ್ಲವನ್ನೂ ಒಣಬಟ್ಟೆಯ ಮೇಲೆ ಹರಡಿ ನೀರಾರಿಸಿ. ಮೆಣಸಿನಕಾಯಿಯಲ್ಲಿ ಐದಾರು ತೆಳು ಪಟ್ಟಿಗಳನ್ನು ಅಲಂಕಾರಕ್ಕೆಂದು ಎತ್ತಿಟ್ಟು ಉಳಿದದ್ದನ್ನು ಸಣ್ಣ ಚೌಕಗಳಾಗಿ ಕತ್ತರಿಸಿ.

ಈಗ ಜಿಲೆಟಿನ್. ಅಗಲ ಬಾಯಿಯ ಪಾತ್ರೆಗೆ ಮುಕ್ಕಾಲು ಕಪ್ ತಣ್ಣೀರು ಹಾಕಿ, ಪುಡಿಯನ್ನು ಅದರ ಮೇಲೆ ಎಲ್ಲ ಕಡೆ ಉದುರಿಸಿ. ಪುಡಿ ಮೊದಲು, ನೀರು ಆಮೇಲೆ ಎಂದು ಮಾಡಿದರೆ ಒಳಗೆ ಒಣಪುಡಿ ಉಳಿದ ಗಂಟುಗಳಾಗುತ್ತವೆ, ಎಷ್ಟು ಕಲಕಿದರೂ ಒಡೆಯುವುದಿಲ್ಲ. ಐದರಿಂದ ಹತ್ತು ನಿಮಿಷದಲ್ಲಿ ಬಿಳಿ ಪುಡಿ ನೀರು ಕುಡಿದು, ಊದಿ, ಸುಕ್ಕುಗಟ್ಟಿದ ಒಂದೇ ಪದರವಾಗುತ್ತದೆ. ಎಲ್ಲೂ ಒಣ ಚುಕ್ಕೆ ಕಾಣದಿದ್ದರೆ ಮುಂದುವರಿಯಿರಿ.

ಇನ್ನೊಂದು ಪಾತ್ರೆಯಲ್ಲಿ ಎರಡು ಕಪ್ ನೀರಿಗೆ ಸಕ್ಕರೆ, ಉಪ್ಪು ಹಾಕಿ ಕುದಿಸಿ. ಒಲೆಯಿಂದ ಇಳಿಸಿದ ಮೇಲೆ ನೆನೆದ ಜಿಲೆಟಿನ್ನಿನ ಮೇಲೆ ಸುರಿದು ನಿಧಾನವಾಗಿ ಕಲಕಿ. ಜಿಲೆಟಿನ್ನನ್ನು ಒಲೆಯ ಮೇಲಿಟ್ಟು ಕುದಿಸಬೇಡಿ, ಹಿಡಿತ ಹೋಗುತ್ತದೆ. ಎರಡು ಮೂರು ನಿಮಿಷ ಕಲಕಿ, ಸೌಟನ್ನು ಎತ್ತಿ ಅದರ ಬೆನ್ನನ್ನು ಬೆಳಕಿಗೆ ಹಿಡಿಯಿರಿ. ಮರಳಿನಂಥ ಸಣ್ಣ ಕಣಗಳು ಅಂಟಿಕೊಂಡಿದ್ದರೆ ಇನ್ನೂ ಕರಗಿಲ್ಲ ಎಂದರ್ಥ. ಪೂರ್ತಿ ಕರಗಿದ ಮೇಲೆ ವಿನಿಗರ್, ನಿಂಬೆರಸ ಸೇರಿಸಿ ರುಚಿ ನೋಡಿ. ಹುಳಿ ಉಪ್ಪು ಎರಡೂ ಒಂದು ಕೂದಲೆಳೆ ಮುಂದಿರಬೇಕು. ತಣ್ಣಗಾದ ಮೇಲೆ ನಾಲಿಗೆಗೆ ರುಚಿ ಮಂಕಾಗಿ ತಾಗುತ್ತದೆ, ಈಗ ಸರಿಯೆನಿಸಿದ್ದು ನಾಳೆ ಸಪ್ಪೆಯಾಗಿರುತ್ತದೆ. ಚೂರು ಕಾಳುಮೆಣಸಿನ ಪುಡಿ ಹಾಕುವ ಆಸೆಯಾದರೆ ತಡೆದುಕೊಳ್ಳಿ; ತಳದಲ್ಲಿ ಕುಳಿತು ಕೊಳೆಯಂತೆ ಕಾಣುತ್ತದೆ. ಖಾರ ಬೇಕೆಂದರೆ ಒಂದು ಹಸಿಮೆಣಸಿನಕಾಯಿಯನ್ನು ಸೀಳಿ ಬಿಸಿ ದ್ರವದಲ್ಲಿ ಸ್ವಲ್ಪ ಹೊತ್ತು ನೆನೆಸಿ ತೆಗೆದುಬಿಡಿ.

ಅಚ್ಚಿನ ತಳವೇ ನಾಳೆ ಸಲಾಡಿನ ನೆತ್ತಿ. ಹಾಗಾಗಿ ಅಲಂಕಾರ ಮೊದಲು. ಅರ್ಧ ಕಪ್ ದ್ರವವನ್ನು ಅಚ್ಚಿಗೆ ಹೊಯ್ದು ಫ್ರಿಜ್ಜಿನಲ್ಲಿಡಿ. ಬೆರಳು ಮುಟ್ಟಿಸಿದರೆ ಅಂಟಬೇಕು, ಆದರೆ ಬೆರಳು ಒಳಗಿಳಿಯಬಾರದು. ಆ ಹದಕ್ಕೆ ಬಂದಾಗ ಮೆಣಸಿನಕಾಯಿಯ ಪಟ್ಟಿಗಳನ್ನು, ಹೊಳಪಿನ ಮುಖ ಕೆಳಗೆ ಬರುವಂತೆ, ಜೋಡಿಸಿ. ಪೂರ್ತಿ ಗಟ್ಟಿಯಾದ ಪದರದ ಮೇಲೆ ಇನ್ನೊಂದನ್ನು ಹೊಯ್ದರೆ ಎರಡೂ ಬೆಸೆದುಕೊಳ್ಳುವುದಿಲ್ಲ, ಮಗುಚಿದಾಗ ಮೇಲಿನದು ಟೋಪಿ ಜಾರಿದ ಹಾಗೆ ಜಾರಿ ಬೀಳುತ್ತದೆ.

ಇತ್ತ ಉಳಿದ ದ್ರವದ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ಆಗಾಗ ಕಲಕುತ್ತಿರಿ. ಇಡೀ ಅಡುಗೆಯಲ್ಲಿ ನಿಮ್ಮ ಗಮನ ಬೇಡುವ ಹೊತ್ತು ಇದೊಂದೇ. ಮೊದಲು ಏನೂ ಆಗುತ್ತಿಲ್ಲ ಎನಿಸುತ್ತದೆ. ಸುಮಾರು ಹತ್ತು ಹದಿನೈದು ನಿಮಿಷಕ್ಕೆ ಪಾತ್ರೆಯ ಅಂಚಿನಲ್ಲಿ ಸೌಟು ತುಸು ಭಾರವಾಗುತ್ತದೆ. ಸೌಟಿನಿಂದ ಬೀಳುವ ದ್ರವ ಹನಿಯಾಗಿ ಒಡೆಯದೆ, ಹಸಿ ಮೊಟ್ಟೆಯ ಬಿಳಿಯ ಹಾಗೆ ಎಳೆಎಳೆಯಾಗಿ ಜಾರಿ, ಬಿದ್ದ ಜಾಗದಲ್ಲಿ ಅರೆಕ್ಷಣ ದಿಬ್ಬವಾಗಿ ನಿಂತು ಮಾಯವಾಗಬೇಕು. ಅದೇ ಹದ. ಇದಕ್ಕಿಂತ ಮುಂಚೆ ತರಕಾರಿ ಹಾಕಿದರೆ ಚೂರುಗಳು ಎಲ್ಲೆಡೆ ಹರಡದೆ ಒಂದೆಡೆ ಸೇರಿಕೊಳ್ಳುತ್ತವೆ, ಉಳಿದ ಕಡೆ ಖಾಲಿ ಜೆಲ್ಲಿ ಉಳಿಯುತ್ತದೆ. ಫೋನ್ ಬಂದು ಮಾತಿಗೆ ನಿಂತು ದ್ರವ ಗಟ್ಟಿಯೇ ಆಗಿಹೋದರೆ ಗಾಬರಿ ಬೇಡ. ಪಾತ್ರೆಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ಕರಗುತ್ತದೆ, ಪುನಃ ತಣಿಸಿಕೊಳ್ಳಿ.

ಹದ ಬಂದೊಡನೆ ತರಕಾರಿ ಹಾಕಿ ಕೆಳಗಿನಿಂದ ಮೇಲಕ್ಕೆ ಮಗುಚಿ, ಅಚ್ಚಿಗೆ ಸುರಿದು, ಗಾಳಿಗುಳ್ಳೆ ಹೋಗಲು ಮೇಜಿನ ಮೇಲೆ ನಾಲ್ಕು ಸಲ ಮೆಲ್ಲಗೆ ಕುಟ್ಟಿ, ಮುಚ್ಚಿ, ಫ್ರಿಜ್ಜಿನಲ್ಲಿಡಿ. ಮುಚ್ಚುವುದನ್ನು ಮರೆಯಬೇಡಿ, ಪಕ್ಕದ ಈರುಳ್ಳಿ ಸಾಂಬಾರಿನ ವಾಸನೆಯನ್ನೆಲ್ಲ ಇದು ಹೀರಿಕೊಳ್ಳುತ್ತದೆ.

ಸಸ್ಯಾಹಾರಿಗಳಿಗೆ ಚೈನಾ ಗ್ರಾಸ್

ಅಗರ್ ಕೆಂಪು ಕಡಲಪಾಚಿಗಳಿಂದ ಬರುವ ವಸ್ತು. ನಮ್ಮ ಪಕ್ಕದ ತಮಿಳುನಾಡಿನ ರಾಮೇಶ್ವರ, ಮಂಡಪಂ ಕಡೆಯ ಕಡಲಿನಲ್ಲಿ ಇದಕ್ಕೆ ಬೇಕಾದ ಪಾಚಿಯನ್ನು ಸಂಗ್ರಹಿಸುತ್ತಾರೆ. ಜಿಲೆಟಿನ್ ಮತ್ತು ಅಗರ್ ನೋಡುವುದಕ್ಕೆ ಒಂದೇ ಕೆಲಸ ಮಾಡಿದರೂ ಸ್ವಭಾವದಲ್ಲಿ ಉತ್ತರ ದಕ್ಷಿಣ. ಜಿಲೆಟಿನ್ 35 ಡಿಗ್ರಿಯ ಆಸುಪಾಸಿನಲ್ಲೇ ಕರಗಿಹೋಗುತ್ತದೆ. ಬಾಯಲ್ಲಿ ಕರಗುವ ಸುಖವೂ, ಬಿಸಿಲಿನಲ್ಲಿ ಕುಸಿಯುವ ಕಷ್ಟವೂ ಅದರಿಂದಲೇ. ಅಗರ್ 40 ಡಿಗ್ರಿಯ ಹತ್ತಿರವೇ ಹೆಪ್ಪುಗಟ್ಟುತ್ತದೆ, ಮತ್ತೆ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕು. ಏಪ್ರಿಲಿನಲ್ಲಿ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಅಂಗಳದಲ್ಲಿ ಊಟ ಇಟ್ಟುಕೊಂಡವರಿಗೆ, ಅವರು ಮಾಂಸಾಹಾರಿಗಳಾದರೂ, ನಾನು ಅಗರನ್ನೇ ಹೇಳುತ್ತೇನೆ. ಕೊರತೆಯೆಂದರೆ ಇದು ಅಳ್ಳಾಡುವುದಿಲ್ಲ, ಬಾಯಲ್ಲಿ ಕರಗುವುದೂ ಇಲ್ಲ, ಕಚ್ಚಿದರೆ ಪಟ್ಟನೆ ಮುರಿಯುತ್ತದೆ.

ಮೇಲಿನ ಅಳತೆಗೇ ಅಗರ್ ಪುಡಿ 8 ಗ್ರಾಂ, ಅಂದರೆ ಸಪಾಟಾಗಿ ಸುಮಾರು ನಾಲ್ಕು ಟೀ ಚಮಚ. ತಣ್ಣೀರು, ಬಿಸಿನೀರು ಎಂದು ಬೇರೆ ಮಾಡದೆ ಎರಡೂ ಸೇರಿದ ಎರಡು ಮುಕ್ಕಾಲು ಕಪ್ ನೀರಿಗೆ ಪುಡಿ, ಸಕ್ಕರೆ, ಉಪ್ಪು ಹಾಕಿ ಕಲಕುತ್ತಲೇ ಕುದಿಸಿ, ಕುದಿ ಬಂದ ಮೇಲೂ ಮೂರು ನಿಮಿಷ ಬಿಡಿ. ಜಿಲೆಟಿನ್ನಿಗೆ ಕುದಿತ ಶತ್ರು, ಇದಕ್ಕೆ ಕುದಿತವಿಲ್ಲದೆ ಗತಿಯಿಲ್ಲ. ಎಳೆಗಳ ಕಟ್ಟು ಸಿಕ್ಕಿದ್ದರೆ ಅರ್ಧ ಗಂಟೆ ನೆನೆಸಿ, ಕತ್ತರಿಸಿ, ಪೂರ್ತಿ ಕರಗುವವರೆಗೆ ಕುದಿಸಿ, ಸೋಸಿ. ಇಳಿಸಿದ ಮೇಲಷ್ಟೇ ವಿನಿಗರ್, ನಿಂಬೆರಸ. ಹುಳಿಯೊಂದಿಗೆ ಕುದಿಸಿದರೆ ಅಗರ್ ಸೋಲುತ್ತದೆ.

ಮುಂದಿನದು ಚುರುಕಿನ ಕೆಲಸ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತರಕಾರಿ ಹಾಕಿದರೆ ಒಂದೊಂದು ಚೂರಿನ ಸುತ್ತಲೂ ಅಗರ್ ತಕ್ಷಣ ಗಟ್ಟಿಯಾಗಿ ಇಡೀ ಪಾತ್ರೆ ಉಪ್ಪಿಟ್ಟಿನ ಹಾಗೆ ಮುದ್ದೆಮುದ್ದೆಯಾಗುತ್ತದೆ. ತರಕಾರಿ, ವಿನಿಗರ್, ಅಚ್ಚು ಎಲ್ಲವೂ ಕೋಣೆಯ ಬಿಸಿಯಲ್ಲಿರಲಿ. ಮೊಟ್ಟೆಬಿಳಿಯ ಹದಕ್ಕೆ ಕಾಯಬೇಡಿ, ಆ ಹದ ಇಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಹೋಗುತ್ತದೆ. ತರಕಾರಿಯನ್ನು ಅಚ್ಚಿನ ತುಂಬ ಒತ್ತಾಗಿ ತುಂಬಿಸಿಟ್ಟುಕೊಂಡು ಬಿಸಿ ದ್ರವವನ್ನು ಅದರ ಮೇಲೆ ಸುರಿಯುವುದೇ ಒಳ್ಳೆಯ ದಾರಿ. ಒತ್ತಾಗಿದ್ದರೆ ತೇಲಲು ಜಾಗವಿರುವುದಿಲ್ಲ. ಎರಡು ಗಂಟೆ ಸಾಕು. ಬಹಳ ಹೊತ್ತು ಇಟ್ಟರೆ ಅಗರ್ ನೀರು ಬಿಡುತ್ತದೆ, ಆದ್ದರಿಂದ ಇದನ್ನು ಅದೇ ದಿನ ಬೆಳಿಗ್ಗೆ ಮಾಡುವುದು ಮೇಲು.

ಹಣ್ಣು ಹಾಕುವವರಿಗೆ

ಮಕ್ಕಳಿರುವ ಕೂಟಕ್ಕೆ ಸಿಹಿಯದೇ ಬೇಕೆಂದರೆ ಸನ್‌ಶೈನ್ ಸಲಾಡ್ ಇದೆ: ನಿಂಬೆ ರುಚಿಯ ಜೆಲ್ಲಿ, ಕ್ಯಾರೆಟ್ ತುರಿ, ಅನಾನಸ್. ಜೆಲ್ಲಿ ಪೊಟ್ಟಣದ ಮೇಲೆ ಹೇಳಿದ ತಣ್ಣೀರಿನಲ್ಲಿ ಕಾಲು ಭಾಗ ಕಡಿಮೆ ಮಾಡಿ, ಅದರಲ್ಲೂ ಆದಷ್ಟನ್ನು ಅನಾನಸ್ ಡಬ್ಬಿಯ ರಸದಿಂದ ತುಂಬಿಸಿ. ಒಂದು ಚಿಟಿಕೆ ಉಪ್ಪು ಮತ್ತು ಒಂದು ದೊಡ್ಡ ಚಮಚ ನಿಂಬೆರಸ ಇಲ್ಲದೆ ಇದು ಸಲಾಡ್ ಆಗುವುದಿಲ್ಲ.

ಅನಾನಸ್ ಮಾತ್ರ ಡಬ್ಬಿಯದೇ ಆಗಬೇಕು. ತಾಜಾ ಅನಾನಸ್ಸಿನಲ್ಲಿರುವ ಬ್ರೋಮೆಲಿನ್ ಎಂಬ ಕಿಣ್ವ ಪ್ರೋಟೀನನ್ನು ತುಂಡರಿಸುತ್ತದೆ, ಜಿಲೆಟಿನ್ ಪ್ರೋಟೀನೇ ಆದ್ದರಿಂದ ಎರಡು ದಿನ ಫ್ರಿಜ್ಜಿನಲ್ಲಿಟ್ಟರೂ ಅದು ಪಾನಕವಾಗಿಯೇ ಉಳಿಯುತ್ತದೆ. ಪರಂಗಿ, ಕಿವಿ, ಅಂಜೂರ, ಸೀಬೆ, ಹಸಿಶುಂಠಿಗಳದ್ದೂ ಇದೇ ಕಥೆ. ಡಬ್ಬಿಗೆ ತುಂಬುವಾಗ ಕೊಡುವ ಶಾಖಕ್ಕೆ ಕಿಣ್ವ ಸಾಯುತ್ತದೆ. ಮನೆಯಲ್ಲಿ ತಾಜಾ ಹಣ್ಣನ್ನು ಕೆಲವು ನಿಮಿಷ ಕುದಿಸಿದರೂ ಆದೀತು. ಅಗರ್ ಪ್ರೋಟೀನ್ ಅಲ್ಲ, ಅದಕ್ಕೆ ಯಾವ ಹಣ್ಣಿನ ಭಯವೂ ಇಲ್ಲ. ಭಾರತದ ಅಂಗಡಿಗಳ ಜೆಲ್ಲಿ ಪುಡಿಗಳಲ್ಲಿ ಎರಡೂ ಬಗೆ ಇರುವುದರಿಂದ ಪೊಟ್ಟಣದ ಹಸಿರು ಅಥವಾ ಕಂದು ಗುರುತನ್ನು ನೋಡಿಯೇ ಕೊಳ್ಳಿ. ಗಡ್‌ಬಡ್ ಐಸ್‌ಕ್ರೀಮಿನ ಗಾಜಿನ ಲೋಟದಲ್ಲಿ ಜೆಲ್ಲಿ ಕಂಡೇ ಬೆಳೆದ ಕರಾವಳಿಯವರಿಗೆ ಅಂಗಡಿಯಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ.

ಇಳಿಸುವುದು

ಬೇರೆಯವರ ಮನೆಗೆ ಒಯ್ಯುವುದಾದರೆ ಅಚ್ಚಿನಲ್ಲೇ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಒಯ್ಯಿರಿ. ಮನೆಯಲ್ಲೇ ಇಳಿಸಿ ಕಾರಿನಲ್ಲಿ ಸಾಗಿಸುವ ಧೈರ್ಯ ಬೇಡ, ರಸ್ತೆಯುಬ್ಬುಗಳು ಅದನ್ನು ಉಳಿಸುವುದಿಲ್ಲ.

ಹರಿವಾಣವನ್ನು ಮೊದಲು ತಣ್ಣೀರಿನಿಂದ ತೇವ ಮಾಡಿ. ಒಣ ಹರಿವಾಣದ ಮೇಲೆ ಸಲಾಡ್ ಬಿದ್ದಲ್ಲೇ ಅಂಟುತ್ತದೆ. ತೇವವಿದ್ದರೆ ಓರೆಯಾಗಿ ಬಿದ್ದದ್ದನ್ನು ಮೆಲ್ಲಗೆ ಸರಿಸಿ ನಡುವಿಗೆ ತರಬಹುದು. ಒದ್ದೆ ಬೆರಳಿನಿಂದ ಅಚ್ಚಿನ ಅಂಚಿನ ಸುತ್ತ ಸಲಾಡನ್ನು ಒಳಮುಖವಾಗಿ ಮೆಲ್ಲಗೆ ಒತ್ತಿ ಬಿಡಿಸಿ. ಲೋಹದ ಅಚ್ಚನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಚಿನವರೆಗೆ ಹತ್ತು ಸೆಕೆಂಡ್ ಅದ್ದಿ. ಗಾಜು, ಪ್ಲಾಸ್ಟಿಕ್ ಆದರೆ ಇನ್ನೈದು ಸೆಕೆಂಡ್. ಬಿಸಿನೀರು ಬೇಡ, ಅಲಂಕಾರದ ಅಂಚುಗಳೆಲ್ಲ ಕರಗಿ ದುಂಡಗಾಗುತ್ತವೆ. ಅಗರಿನದಕ್ಕೆ ಅದ್ದುವ ಅಗತ್ಯವೇ ಇಲ್ಲ, ಅಂಚು ಬಿಡಿಸಿದರೆ ಸಾಕು.

ಹರಿವಾಣವನ್ನು ಅಚ್ಚಿನ ಮೇಲೆ ಬೋರಲು ಹಾಕಿ, ಎರಡನ್ನೂ ಒಟ್ಟಿಗೆ ಹಿಡಿದು ಒಂದೇ ಸಲಕ್ಕೆ ಮಗುಚಿ. ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಮಾತ್ರ ಗಟ್ಟಿಯಾಗಿ ಅಲುಗಿಸಿ. ಒಳಗಿನಿಂದ ‘ಪುಳಕ್’ ಎಂಬ ಸದ್ದು ಬಂದರೆ ಗಾಳಿ ಒಳಹೊಕ್ಕಿದೆ, ಕೆಲಸವಾಗಿದೆ, ಅಚ್ಚನ್ನು ನೇರವಾಗಿ ಮೇಲೆತ್ತಿ. ಸದ್ದು ಬರದಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಚ್ಚಿನ ಬೆನ್ನಿಗೆ ಸುತ್ತಿ ಕಾಯಿರಿ. ಚಾಕು ತೂರಿಸಬೇಡಿ.

ಲೆಟ್ಯೂಸ್ ಎಲೆಗಳನ್ನು ಸುತ್ತ ಸಿಕ್ಕಿಸಿ, ನಡುವಿನ ಗುಂಡಿಯಲ್ಲಿ ಮೇಯೊನೀಸ್ ತುಂಬಿಸುವುದು ಅಮೆರಿಕದ ರೂಢಿ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿಗೆ ಸಾಸಿವೆ ಅರೆದು ಉಪ್ಪು ಹಾಕಿದರೆ ಇನ್ನೂ ಚೆನ್ನ, ಅದು ಎಲೆಕೋಸಿಗೆ ಹೇಳಿ ಮಾಡಿಸಿದ ಜೋಡಿ. ತೆಳು ಅಲಗಿನ ಚಾಕುವನ್ನು ಪ್ರತಿ ಸಲ ಬಿಸಿನೀರಿನಲ್ಲಿ ಅದ್ದಿ ಒರೆಸಿ ಕತ್ತರಿಸಿ.

ಇಳಿಸುವಾಗ ಒಂದು ಬದಿ ಮುರಿದರೆ ಆ ಜಾಗಕ್ಕೆ ಲೆಟ್ಯೂಸ್ ತುಸು ಹೆಚ್ಚಾಗಿ ಬರಲಿ. ಪೂರ್ತಿ ಕುಸಿದರೆ ಅಲ್ಲೇ ಚೌಕ ಚೌಕವಾಗಿ ಕತ್ತರಿಸಿ ಬಟ್ಟಲುಗಳಿಗೆ ಹಾಕಿ ಕೊಡಿ, ಹಾಗೇ ಮಾಡಬೇಕೆಂದುಕೊಂಡಿದ್ದೆವು ಎಂಬ ಮುಖಭಾವ ಇರಲಿ. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಬೇಡ; ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮಿಕ್ಕಿದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಇನ್ನೆರಡು ದಿನ ತಿನ್ನಬಹುದು. ಫ್ರೀಜರಿನಲ್ಲಿ ಇಡಬೇಡಿ, ಮಂಜು ಕರಗಿದಾಗ ಜೆಲ್ಲಿ ಬೇರೆ, ನೀರು ಬೇರೆ ಆಗಿಬಿಟ್ಟಿರುತ್ತದೆ.